ಆನೆ, ಕುದುರೆಗಳನ್ನು ರಂಗಕ್ಕೆ ತಂದ ಗುಬ್ಬಿ ವೀರಣ್ಣ

ಮನರಂಜನಾ ಉದ್ಯಾನವೆಂಬ ಮಾತೇ ಇಲ್ಲದ ಕಾಲದಲ್ಲಿ ಕನ್ನಡಿಗರ ಪಾಲಿನ ಬೆರಗಿನ ಲೋಕವೆಂದರೆ ಕಂಪನಿ ನಾಟಕದ ಕ್ಯಾಂಪು. ಈಗ ಮರೆಯಾಗಿರುವ ಆ ಲೋಕದ ದೊಡ್ಡ ಯಜಮಾನರು ಗುಬ್ಬಿ ವೀರಣ್ಣ.

1891ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಜನಿಸಿದ ವೀರಣ್ಣನವರು, 1884ರಲ್ಲಿ ಆರಂಭಗೊಂಡಿದ್ದ ಊರಿನ ನಾಟಕ ಸಂಘಕ್ಕೆ ಬಾಲನಟರಾಗಿ ಸೇರಿದರು. 1917ರಲ್ಲಿ ಅದರ ಒಡೆತನವೇ ಅವರದಾಯಿತು. ಮಾಲೀಕರಾದರೂ ಅವರಿಗೆ ಹೆಸರು ತಂದದ್ದು ರಾಜನ ಪಾತ್ರವಲ್ಲ, ‘ಸದಾರಮೆ’ಯ ಕಳ್ಳನ ಪಾತ್ರ. 1934ರ ‘ಕುರುಕ್ಷೇತ್ರ’ದಲ್ಲಿ ಜೀವಂತ ಆನೆ, ಕುದುರೆಗಳು ರಂಗವೇರಿದವು. ಇಂದಿನ ಯಂತ್ರದಾಟಗಳ ಮುಂದೆಯೂ ಆ ವೈಭವ ಮಂಕಾಗದು.

ವಿಪರ್ಯಾಸವೆಂದರೆ, ನಾಟಕದ ಪ್ರೇಕ್ಷಕರನ್ನು ಕಸಿದುಕೊಂಡ ಸಿನಿಮಾವನ್ನು ಬೆಳೆಸಿದವರಲ್ಲಿ ಅವರೂ ಒಬ್ಬರು. ಮೂಕಿ ಚಿತ್ರಗಳ ಕಾಲದಲ್ಲೇ ಅವರು ಚಿತ್ರ ನಿರ್ಮಾಣಕ್ಕೆ ಕೈಹಾಕಿದ್ದರು. 1954ರ ‘ಬೇಡರ ಕಣ್ಣಪ್ಪ’ದಿಂದ ನಾಯಕನಟರಾದ ರಾಜಕುಮಾರ್, ಹಾಸ್ಯನಟ ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರೇ. ಕಲಾವಿದರು ಬೆಳ್ಳಿತೆರೆಗೆ ನಡೆದರು, ಪ್ರೇಕ್ಷಕರು ಅವರ ಬೆನ್ನುಹತ್ತಿದರು. ಕಂಪನಿಗಳ ಡೇರೆಗಳು ಒಂದೊಂದಾಗಿ ಕಳಚಿದವು.

1972ರಲ್ಲಿ ವೀರಣ್ಣನವರಿಗೆ ಪದ್ಮಶ್ರೀ ಸಂದಿತು. ಅದೇ ವರ್ಷದ ಅಕ್ಟೋಬರ್ 18ರಂದು ಅವರು ನಿಧನರಾದರು. ಮೊಮ್ಮಗಳು ಬಿ. ಜಯಶ್ರೀ ಮುಂದೆ ರಂಗಭೂಮಿಯನ್ನೇ ಆರಿಸಿಕೊಂಡರು.