ಕಣ್ಣು ಹೋದರೂ ಲೆಕ್ಕ ಬಿಡದ ಆಯ್ಲರ್

ಭೌತಶಾಸ್ತ್ರದಲ್ಲಿ ನೀವು ಓದುವ ‘ಮೊಮೆಂಟ್ ಆಫ್ ಇನರ್ಷಿಯ’ಕ್ಕೆ ಆ ಹೆಸರಿಟ್ಟವರು ಲಿಯೊನಾರ್ಡ್ ಆಯ್ಲರ್. 1707ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹುಟ್ಟಿದ ಅವರಿಗೆ ಮೂವತ್ತರ ಆಸುಪಾಸಿನಲ್ಲೇ ಬಲಗಣ್ಣಿನ ದೃಷ್ಟಿ ಕುಂದಿತು. ಆದರೂ 1765ರಲ್ಲಿ ಘನವಸ್ತುಗಳ ಚಲನೆಯ ಬಗ್ಗೆ ದೊಡ್ಡ ಗ್ರಂಥ ಪ್ರಕಟಿಸಿದರು. ವಸ್ತುವಿನ ಪ್ರತಿ ಕಣದ ದ್ರವ್ಯರಾಶಿಯನ್ನು ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ, ಎಲ್ಲವನ್ನೂ ಅನುಕಲನದಿಂದ ಕೂಡಿಸಬೇಕು. ಘನಗೋಳದ ಸೂತ್ರದಲ್ಲಿನ 2/5 ಹೀಗೆಯೇ ಬರುತ್ತದೆ.

1766ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್ ಸೇರಿದ ಮೇಲೆ ಎಡಗಣ್ಣೂ ಹೋಯಿತು. ಆಯ್ಲರ್ ಕೈಕಟ್ಟಿ ಕೂರಲಿಲ್ಲ. ಮನಸ್ಸಿನಲ್ಲೇ ಲೆಕ್ಕ ಮಾಡಿ, ಮಗನಿಗೂ ಶಿಷ್ಯರಿಗೂ ಹೇಳಿ ಬರೆಸಿದರು. ದ್ವಿ ಅನುಕಲನದ ಕುರಿತ ಅವರ ಪ್ರಬಂಧ 1770ರಲ್ಲಿ ಪ್ರಕಟವಾಯಿತು. 1783ರಲ್ಲಿ ತೀರಿಕೊಂಡ ದಿನವೂ ಬಲೂನು ಮೇಲೇರುವ ಲೆಕ್ಕದಲ್ಲಿ ತೊಡಗಿದ್ದರು.

ನಮ್ಮೆದುರು ಪುಸ್ತಕವಿದೆ, ಕಾಗದವಿದೆ. ಸೂತ್ರವನ್ನು ಬಾಯಿಪಾಠ ಮಾಡುವ ಮೊದಲು, ಒಮ್ಮೆ ಕುಳಿತು ಸಾಧಿಸಿ ನೋಡಿ.