ಬೆಳಕಿಗೆ ದಾರಿ ತೋರಿದ ಜಾನ್ ಟಿಂಡಲ್

ಜಾನ್ ಟಿಂಡಲ್ ಎಂಬ ಹೆಸರು ನಮಗೆಲ್ಲ ಹೈಸ್ಕೂಲಿನಿಂದಲೇ ಗೊತ್ತು. ಹಾಲಿನ ಹನಿ ಬೆರೆಸಿದ ನೀರಿನಲ್ಲಿ ಬೆಳಕಿನ ದಾರಿ ಕಾಣುತ್ತದೆ, ಉಪ್ಪು ಕರಗಿಸಿದ ನೀರಿನಲ್ಲಿ ಕಾಣುವುದಿಲ್ಲ. ಇದು ಟಿಂಡಲ್ ಪರಿಣಾಮ ಎಂದು ಬರೆದು ಅಂಕ ಪಡೆದವರು ನಾವು. ಮೂಡಿಗೆರೆ, ಕಳಸದ ಕಡೆಯಿಂದ ಬರುವ ನಮಗೆ ಇದಕ್ಕೆ ಪ್ರಯೋಗಾಲಯವೂ ಬೇಕಿಲ್ಲ. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಸಿಲ್ವರ್ ಓಕ್ ಮರಗಳ ನಡುವೆ, ಮಂಜಿನೊಳಗೆ ಬಿಸಿಲಕೋಲು ಇಳಿಯುವುದನ್ನು ನೋಡುತ್ತೇವಲ್ಲ, ಅದೂ ಇದೇ.

ಆ ಹೆಸರಿನ ಹಿಂದಿದ್ದ ಮನುಷ್ಯನ ಬಗ್ಗೆ ನಾನು ಹುಡುಕಿ ಓದಿದ್ದು ಕಳೆದ ಬೇಸಿಗೆ ರಜೆಯಲ್ಲಿ. ಅದಕ್ಕೆ ಕಾರಣ ಹೆಬ್ಬೆರಳಿನ ಗಾತ್ರದ ಒಂದು ಲೋಹದ ತುಂಡು. ಅದರ ಹೆಸರು ಎಸ್‌ಎಫ್‌ಪಿ ಮಾಡ್ಯೂಲ್. ರೂಟರಿನ ವಿದ್ಯುತ್ ಸಂಕೇತವನ್ನು ಬೆಳಕಾಗಿಸಿ ಗಾಜಿನ ಎಳೆಯೊಳಗೆ ಕಳಿಸುವುದು, ಅತ್ತ ಕಡೆಯಿಂದ ಬಂದ ಬೆಳಕನ್ನು ಮತ್ತೆ ವಿದ್ಯುತ್ತಾಗಿಸುವುದು ಅದರ ಕೆಲಸ.

ನಮ್ಮ ಮನೆ ಕಳಸದ ಬಳಿ ಒಂದು ಕಾಫಿ ತೋಟದಲ್ಲಿದೆ. ನನ್ನ ತಂದೆ ಅಲ್ಲಿ ರೈಟರ್. ಇಂಟರ್‌ನೆಟ್ ಬಂದು ನಿಂತಿರುವುದು ರಸ್ತೆ ಬದಿಯ ತೋಟದ ಆಫೀಸಿನಲ್ಲಿ. ಮನೆ ಅಲ್ಲಿಂದ ಸುಮಾರು 280 ಮೀಟರ್ ಮೇಲಕ್ಕಿದೆ. ತಾಮ್ರದ ನೆಟ್‌ವರ್ಕ್ ಕೇಬಲ್ಲನ್ನು 100 ಮೀಟರ್ ಆಚೆಗೆ ನೆಚ್ಚುವಂತಿಲ್ಲ. ನಡುವೆ ಸ್ವಿಚ್ ಇಟ್ಟು ಎಳೆದಿದ್ದ ತಾಮ್ರದ ಕೇಬಲ್ ಹಿಂದಿನ ವರ್ಷದ ಮುಂಗಾರು ಪೂರ್ವ ಸಿಡಿಲಿಗೆ ಎರಡೂ ತುದಿಯ ಪೆಟ್ಟಿಗೆಗಳನ್ನು ಸುಟ್ಟುಹಾಕಿತ್ತು. ಅಕ್ಕ ಮನೆಯಿಂದಲೇ ಪದವಿ ಓದುತ್ತಿದ್ದಾಳೆ. ಪರೀಕ್ಷೆ ಕೂಡ ಆನ್‌ಲೈನ್. ಸಂಪರ್ಕ ನಿಲ್ಲದಿದ್ದರೆ ಅವಳು ಊರು ಬಿಟ್ಟು ಪೇಟೆಯಲ್ಲಿ ಕೋಣೆ ಹಿಡಿಯಬೇಕು, ಇಲ್ಲವೇ ಓದು ಬಿಡಬೇಕು. ಕೋಣೆ ಬಾಡಿಗೆ ನಮ್ಮ ಕೈಗೆಟುಕುವಂಥದ್ದಲ್ಲ. ಹಾಗಾಗಿ ಮಳೆ ಹಿಡಿಯುವ ಮೊದಲೇ ಫೈಬರ್ ಎಳೆಯುವುದೆಂದು ತೀರ್ಮಾನವಾಯಿತು. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಒಳಗೆ ಉಕ್ಕಿನ ತಂತಿ ಇಲ್ಲದ ಕೇಬಲ್ ಆರಿಸಿದರೆ ಸಿಡಿಲು ಅದರ ಮೂಲಕ ಮನೆಗೆ ಬರಲಾರದು. ಒಂದು ಮಾಡ್ಯೂಲ್ ಆಫೀಸಿನ ಮೀಡಿಯಾ ಕನ್ವರ್ಟರಿಗೆ, ಇನ್ನೊಂದು ಮನೆಯ ಫೈರ್‌ವಾಲ್ ರೂಟರಿಗೆ. ಫೈರ್‌ವಾಲ್ ಎಂದರೆ ಮನೆಯ ಸಂಪರ್ಕಕ್ಕೆ ಗೇಟಿನ ಕಾವಲುಗಾರನಂತಿರುವ ಒಂದು ಪುಟ್ಟ ಕಂಪ್ಯೂಟರ್. ಈ ಜೋಡಣೆಯ ಪ್ರತಿ ಹಂತದಲ್ಲೂ ನನಗೆ ಎದುರಾದವರು ಟಿಂಡಲ್.

ಟಿಂಡಲ್ ಹುಟ್ಟಿದ್ದು 1820ರ ಆಗಸ್ಟ್ 2ರಂದು, ಐರ್ಲೆಂಡಿನ ಕಾರ್ಲೊ ಜಿಲ್ಲೆಯ ಲೀಲಿನ್‌ಬ್ರಿಜ್ ಎಂಬ ಸಣ್ಣ ಊರಿನಲ್ಲಿ. ತಂದೆ ಪೊಲೀಸ್ ಕಾನ್‌ಸ್ಟೆಬಲ್. ಕಾಲೇಜಿಗೆ ಕಳಿಸುವಷ್ಟು ಅನುಕೂಲವಿರಲಿಲ್ಲ. ಆದರೆ ಊರಿನ ಶಾಲೆಯಲ್ಲಿ ಒಳ್ಳೆಯ ಮೇಷ್ಟ್ರು ಸಿಕ್ಕಿ ಗಣಿತ ಮತ್ತು ಭೂಮಾಪನ ಕಲಿತರು. 1839ರಲ್ಲಿ ಸರ್ಕಾರಿ ಸರ್ವೆ ಇಲಾಖೆಗೆ ಸೇರಿದರು. ಮುಂದೆ ಇಂಗ್ಲೆಂಡಿಗೆ ವರ್ಗವಾಯಿತು. ಅಲ್ಲಿ ಐರಿಷ್ ನೌಕರರಿಗೆ ಸಿಗುತ್ತಿದ್ದ ಸಂಬಳ, ಅವರನ್ನು ನಡೆಸಿಕೊಳ್ಳುತ್ತಿದ್ದ ರೀತಿ ಸರಿಯಿಲ್ಲವೆಂದು ಪ್ರತಿಭಟಿಸಿದ್ದಕ್ಕೆ 1843ರಲ್ಲಿ ಕೆಲಸ ಹೋಯಿತು. ಅನಂತರ ಕೆಲವು ವರ್ಷ ಹೊಸ ರೈಲು ಮಾರ್ಗಗಳಿಗೆ ಅಳತೆ ಹಾಕಿದರು. 1847ರಲ್ಲಿ ಹ್ಯಾಂಪ್‌ಷೈರಿನ ಕ್ವೀನ್‌ವುಡ್ ಕಾಲೇಜಿನಲ್ಲಿ ಗಣಿತದ ಮೇಷ್ಟ್ರಾದರು.

ಮರುವರ್ಷವೇ ಆ ಕೆಲಸವನ್ನೂ ಬಿಟ್ಟು, ಗೆಳೆಯ ಎಡ್ವರ್ಡ್ ಫ್ರಾಂಕ್‌ಲೆಂಡ್ ಜೊತೆ ಜರ್ಮನಿಯ ಮಾರ್ಬುರ್ಗ್ ವಿಶ್ವವಿದ್ಯಾಲಯಕ್ಕೆ ಹೊರಟರು. ಆಗ ವಯಸ್ಸು 28. ಕೈಯಲ್ಲಿದ್ದುದು ದುಡಿದು ಉಳಿಸಿದ ಹಣ ಮಾತ್ರ. ನಮ್ಮ ಪ್ರಯೋಗಾಲಯದ ಬುನ್ಸನ್ ಬರ್ನರ್‌ಗೆ ಹೆಸರು ಕೊಟ್ಟ ರಾಬರ್ಟ್ ಬುನ್ಸನ್ ಅಲ್ಲಿ ಅವರ ಗುರು. ಎರಡು ವರ್ಷದೊಳಗೆ ಡಾಕ್ಟರೇಟ್ ಮುಗಿಸಿದರು. 1853ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಅವರನ್ನು ಭೌತಶಾಸ್ತ್ರದ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಅಲ್ಲಿ ಮೈಕೆಲ್ ಫ್ಯಾರಡೆ ಅವರ ಹಿರಿಯ ಸಹೋದ್ಯೋಗಿ. ಕಮ್ಮಾರನ ಮಗ ಮತ್ತು ಕಾನ್‌ಸ್ಟೆಬಲ್ ಮಗ ಒಂದೇ ಕಟ್ಟಡದಲ್ಲಿ ವಿಜ್ಞಾನ ಬೋಧಿಸಿದರು.

ನೇಮಕವಾದ ಮರುವರ್ಷ, 1854ರಲ್ಲಿ, ಟಿಂಡಲ್ ಸಭಿಕರ ಮುಂದೆ ಒಂದು ಪ್ರಯೋಗ ಮಾಡಿ ತೋರಿಸಿದರು. ನೀರು ತುಂಬಿದ ಪಾತ್ರೆಯ ಬದಿಯಲ್ಲಿ ಒಂದು ತೂತು. ಅದರಿಂದ ನೀರು ಬಾಗಿ ಧಾರೆಯಾಗಿ ಬೀಳುತ್ತದೆ. ಪಾತ್ರೆಯೊಳಗಿಂದ ಬೆಳಕು ಹಾಯಿಸಿದರೆ ಅದು ನೆಟ್ಟಗೆ ಹೊರಗೆ ಹೋಗುವ ಬದಲು ಧಾರೆಯ ಜೊತೆಗೇ ಬಾಗುತ್ತದೆ. ನೀರಿನಿಂದ ಗಾಳಿಗೆ ಓರೆಯಾಗಿ ಹೊರಟ ಬೆಳಕು ಕ್ರಾಂತಿಕೋನ ಮೀರಿದರೆ ಪೂರ್ತಿ ಒಳಕ್ಕೇ ಮರಳುತ್ತದೆ. ನಮ್ಮ ಪಿಯುಸಿ ಪುಸ್ತಕದ ಪೂರ್ಣ ಆಂತರಿಕ ಪ್ರತಿಫಲನ ಇದೇ. ಈ ಪ್ರಯೋಗವನ್ನು ಮೊದಲು ಮಾಡಿದವರು ಮಾತ್ರ ಟಿಂಡಲ್ ಅಲ್ಲ. 1841ರಲ್ಲೇ ಜಿನೀವಾದಲ್ಲಿ ಡೇನಿಯಲ್ ಕೊಲಾಡಾನ್ ಇದನ್ನು ತೋರಿಸಿದ್ದರು. ಬಹಳ ಕಾಲ ಪುಸ್ತಕಗಳು ಟಿಂಡಲ್ ಹೆಸರನ್ನಷ್ಟೇ ಬರೆದವು. ಇಬ್ಬರ ಹೆಸರೂ ನಮಗೆ ನೆನಪಿರಲಿ.

ನಮ್ಮ ತೋಟದಲ್ಲಿ ಎಳೆದ ಕೇಬಲ್ಲಿನಲ್ಲಿ ನೀರಿನ ಧಾರೆಯ ಜಾಗದಲ್ಲಿ ಗಾಜಿದೆ, ಗಾಳಿಯ ಜಾಗದಲ್ಲಿ ವಕ್ರೀಭವನ ಸೂಚ್ಯಂಕ ಸ್ವಲ್ಪ ಕಡಿಮೆ ಇರುವ ಇನ್ನೊಂದು ಗಾಜಿನ ಹೊದಿಕೆ ಇದೆ. ಒಳಗಿನ ಗಾಜಿನ ದಪ್ಪ ಸುಮಾರು 9 ಮೈಕ್ರಾನ್, ಅಂದರೆ ತಲೆಗೂದಲಿಗಿಂತ ಎಷ್ಟೋ ತೆಳು.

ಕೇಬಲ್ ಎಳೆದಾಯಿತು. ಮಾಡ್ಯೂಲ್‌ಗಳನ್ನು ಸಿಕ್ಕಿಸಿದೆವು. ಸಂಪರ್ಕದ ಹಸಿರು ದೀಪ ಹತ್ತಲಿಲ್ಲ. ಎರಡರ ಮೇಲಿನ ಚೀಟಿಯನ್ನೂ ಓದಿದಾಗ ಕಾರಣ ತಿಳಿಯಿತು. ಒಂದೇ ಎಳೆಯಲ್ಲಿ ಹೋಗುವ ಬೆಳಕೂ ಬರುವ ಬೆಳಕೂ ಓಡಾಡಬೇಕಾದರೆ ಎರಡಕ್ಕೂ ಬೇರೆ ಬೇರೆ ತರಂಗದೂರ ಬೇಕು. ಒಂದು ಮಾಡ್ಯೂಲ್ 1310 ನ್ಯಾನೊಮೀಟರ್‌ನಲ್ಲಿ ಕಳಿಸಿ 1550ರಲ್ಲಿ ಪಡೆಯಬೇಕು, ಅದರ ಜೋಡಿ ಇದಕ್ಕೆ ಉಲ್ಟಾ ಇರಬೇಕು. ಅಂಗಡಿಯಿಂದ ಬಂದ ಎರಡೂ ಒಂದೇ ಬಗೆಯವು. ಎರಡೂ ಒಂದೇ ಬಣ್ಣದಲ್ಲಿ ಮಾತಾಡುತ್ತಿದ್ದವು, ಎರಡಕ್ಕೂ ಕೇಳುತ್ತಿರಲಿಲ್ಲ. ಜೋಡಿ ಮಾಡ್ಯೂಲ್ ಬರಲು ಎಂಟು ದಿನ ಹಿಡಿಯಿತು. ಟಿಂಡಲ್ ಬಗ್ಗೆ ನಾನು ಹೆಚ್ಚು ಓದಿದ್ದು ಆ ಎಂಟು ದಿನಗಳಲ್ಲೇ.

1310, 1550 ಎರಡೂ ಅವಕೆಂಪು ಬೆಳಕು, ಕಣ್ಣಿಗೆ ಕಾಣದು. ಮೊಬೈಲ್ ಕ್ಯಾಮೆರಾಕ್ಕೂ ಕಾಣದು. ಕಾಣದ ಇಂಥ ಕಿರಣಗಳನ್ನು ಅಳೆಯುವುದರಲ್ಲಿ ಟಿಂಡಲ್ ಎತ್ತಿದ ಕೈ. 1859ರಲ್ಲಿ ಅವರು ಉದ್ದನೆಯ ಕೊಳವೆಯೊಳಗೆ ಒಂದೊಂದೇ ಅನಿಲ ತುಂಬಿ, ಅದು ಎಷ್ಟು ಶಾಖ ಕಿರಣವನ್ನು ಹೀರುತ್ತದೆಂದು ಅಳೆದರು. ಮಾಮೂಲಿ ಗಾಜು ಆ ಕಿರಣಗಳನ್ನು ತಡೆಯುತ್ತದೆಂದು ಕೊಳವೆಯ ತುದಿಗಳಿಗೆ ಕಲ್ಲುಪ್ಪಿನ ಬಿಲ್ಲೆಗಳನ್ನು ಕೂರಿಸಿದರು. ಆಮ್ಲಜನಕ, ಸಾರಜನಕ ಹೆಚ್ಚುಕಡಿಮೆ ಏನನ್ನೂ ಹೀರಲಿಲ್ಲ. ನೀರಾವಿ ಮತ್ತು ಇಂಗಾಲದ ಡೈಆಕ್ಸೈಡ್ ಚೆನ್ನಾಗಿ ಹೀರಿದವು. ಭೂಮಿ ರಾತ್ರಿಯಿಡೀ ಬೆಚ್ಚಗಿರುವುದು ಇವುಗಳಿಂದ ಎಂಬ ತಿಳಿವಳಿಕೆಗೆ ಈ ಅಳತೆಗಳೇ ಬುನಾದಿ. ಇಲ್ಲೂ ಇನ್ನೊಂದು ಹೆಸರಿದೆ. ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ 1856ರಲ್ಲೇ ಇಂಗಾಲದ ಡೈಆಕ್ಸೈಡ್ ತುಂಬಿದ ಗಾಜಿನ ಪಾತ್ರೆ ಬಿಸಿಲಿಗೆ ಹೆಚ್ಚು ಕಾಯುತ್ತದೆಂದು ಪ್ರಕಟಿಸಿದ್ದರು.

ಫೈಬರಿಗೆ ನೀಲಿಯೋ ಹಸಿರೋ ಬೆಳಕು ಬಿಟ್ಟು ಕಾಣದ ಬೆಳಕೇ ಏಕೆ ಎಂಬ ಪ್ರಶ್ನೆಗೂ ಉತ್ತರ ಟಿಂಡಲ್ ಹಾದಿಯಲ್ಲೇ ಸಿಕ್ಕಿತು. 1860ರ ದಶಕದ ಕೊನೆಯಲ್ಲಿ ಅವರು ಕೊಳವೆಯೊಳಗೆ ಬಹಳ ಸೂಕ್ಷ್ಮ ಕಣಗಳ ಮೋಡ ಹುಟ್ಟಿಸಿ ಬೆಳಕು ಹಾಯಿಸಿದಾಗ ಅದು ಆಕಾಶದಂತೆ ನೀಲಿಯಾಗಿ ಕಂಡಿತು. ಸಣ್ಣ ಕಣಗಳು ನೀಲಿಯನ್ನು ಹೆಚ್ಚು ಚದುರಿಸುತ್ತವೆ. 1871ರಲ್ಲಿ ರ‍್ಯಾಲೀ ಇದಕ್ಕೆ ಲೆಕ್ಕ ಕೊಟ್ಟರು: ಚದುರಿಕೆ ತರಂಗದೂರದ ನಾಲ್ಕನೇ ಘಾತಕ್ಕೆ ವಿಲೋಮ. ಗಾಜಿನೊಳಗೂ ಇದೇ ನಿಯಮ. 450 ನ್ಯಾನೊಮೀಟರಿನ ನೀಲಿಗೆ ಹೋಲಿಸಿದರೆ 1550ರ ಬೆಳಕು ನೂರು ಪಟ್ಟಿಗೂ ಕಡಿಮೆ ಚದುರುತ್ತದೆ. ಆಕಾಶ ನೀಲಿಯಾಗಿರುವ ಕಾರಣವೇ ಫೈಬರಿಗೆ ಅವಕೆಂಪು ಬೆಳಕು ಆರಿಸುವುದಕ್ಕೂ ಮುಖ್ಯ ಕಾರಣ.

ಜೋಡಿ ಮಾಡ್ಯೂಲ್ ಬಂದ ಮೇಲೆ ಉಳಿದದ್ದು ಫೈರ್‌ವಾಲ್. ಪ್ರತಿ ಎಸ್‌ಎಫ್‌ಪಿಯಲ್ಲೂ ತನ್ನ ತಯಾರಕರು, ಬಗೆ, ವೇಗ ಬರೆದಿಟ್ಟಿರುವ ಒಂದು ಸಣ್ಣ ಮೆಮೊರಿ ಇರುತ್ತದೆ. ಕೆಲವು ರೂಟರುಗಳು ಅದನ್ನು ಓದಿ, ತಮ್ಮ ಪಟ್ಟಿಯಲ್ಲಿಲ್ಲದ ಮಾಡ್ಯೂಲನ್ನು ಒಪ್ಪುವುದೇ ಇಲ್ಲ. ನಮ್ಮದು ಒಪ್ಪಿತು. ಆದರೆ ಅದರ ಕಿಂಡಿ 10 ಗಿಗಾಬಿಟ್ ವೇಗದ್ದು, ಮಾಡ್ಯೂಲ್ 1 ಗಿಗಾಬಿಟ್‌ನದು. ಸೆಟ್ಟಿಂಗ್‌ನಲ್ಲಿ ವೇಗವನ್ನು 1 ಗಿಗಾಬಿಟ್ ಎಂದು ಅಕ್ಕ ನಿಗದಿ ಮಾಡಿದ ಮೇಲೆ ಹಸಿರು ದೀಪ ಹತ್ತಿತು. ಹತ್ತಿ, ಆರಿ, ಮತ್ತೆ ಹತ್ತಿತು. ಮಾಡ್ಯೂಲ್ ತಾನೇ ತೋರಿಸುವ ಅಂಕಿಯಲ್ಲಿ ಬಂದು ಸೇರುತ್ತಿದ್ದ ಬೆಳಕು -22 ಡಿಬಿಎಂ ಇತ್ತು. ಅಷ್ಟು ಹತ್ತಿರದ ದೂರಕ್ಕೆ ಇದು ತೀರಾ ಕಡಿಮೆ. ಹಾಗಾದರೆ ದಾರಿಯಲ್ಲಿ ಏನೋ ಅಡ್ಡ ಇದೆ.

ಆ ಅಡ್ಡದ ಹೆಸರು ಧೂಳು. ಟಿಂಡಲ್ ಬದುಕಿನ ಮುಂದಿನ ಅಧ್ಯಾಯವೂ ಅದೇ. ಗಾಳಿಯಲ್ಲಿ ಬೆಳಕಿನ ಕೋಲು ಕಾಣುವುದು ಧೂಳಿನಿಂದ, ಧೂಳಿಲ್ಲದ ಗಾಳಿಯಲ್ಲಿ ಅದು ಕಾಣುವುದೇ ಇಲ್ಲ ಎಂದು ಅವರು ತೋರಿಸಿದರು. ಮುಚ್ಚಿದ ಪೆಟ್ಟಿಗೆಯ ಒಳಗೋಡೆಗೆ ಗ್ಲಿಸರಿನ್ ಬಳಿದು, ಧೂಳೆಲ್ಲ ಕೂರುವವರೆಗೆ ದಿನಗಟ್ಟಲೆ ಕಾದರು. ಬೆಳಕಿನ ಕೋಲು ಕಾಣದಾದಾಗ ಗಾಳಿ ಶುದ್ಧವಾಯಿತೆಂದು ಲೆಕ್ಕ. ಅಂಥ ಪೆಟ್ಟಿಗೆಯಲ್ಲಿಟ್ಟ ಕುದಿಸಿದ ಮಾಂಸದ ಸಾರು ಕೆಡಲಿಲ್ಲ. ಹೊರಗಿನ ಗಾಳಿಗಿಟ್ಟದ್ದು ಕೆಟ್ಟಿತು. ಜೀವ ತಾನಾಗಿ ಹುಟ್ಟುವುದಿಲ್ಲ, ಸೂಕ್ಷ್ಮಾಣುಗಳು ಧೂಳಿನೊಡನೆ ಬರುತ್ತವೆ ಎಂಬ ಪಾಶ್ಚರ್ ವಾದಕ್ಕೆ ಇದರಿಂದ ಬಲ ಬಂತು. ಬಿಟ್ಟು ಬಿಟ್ಟು ಕುದಿಸಿ ಸೂಕ್ಷ್ಮಾಣು ಕೊಲ್ಲುವ ವಿಧಾನಕ್ಕೆ ಇಂದಿಗೂ ಅವರ ಹೆಸರಿದೆ. ಬೆಂಕಿ ಆರಿಸುವವರು ಹೊಗೆಯಲ್ಲಿ ಉಸಿರಾಡಲು ಒಂದು ಮುಖಕವಚವನ್ನೂ ಅವರು ರೂಪಿಸಿದರು.

ಫೈಬರ್ ಕೆಲಸದವರು ಬಳಸುವ ಒರೆಸುವ ಪೆನ್ ಒಂದನ್ನು ತರಿಸಿ ಎರಡೂ ತುದಿಗಳನ್ನು ಶುಚಿ ಮಾಡಿದೆವು. ಅಂಕಿ -9ಕ್ಕೆ ಬಂತು. ಅಂದರೆ ಮೊದಲಿಗಿಂತ ಇಪ್ಪತ್ತು ಪಟ್ಟು ಬೆಳಕು. 9 ಮೈಕ್ರಾನ್ ಬಾಗಿಲಿಗೆ ಒಂದು ಧೂಳಿನ ಕಣವೇ ಕದವಾಗಬಲ್ಲದು. ಮನೆಯಲ್ಲಿ ಇಂಥ ಕೆಲಸ ಮಾಡುವವರು ತುದಿಯ ಮುಚ್ಚಳವನ್ನು ಜೋಡಿಸುವ ಕ್ಷಣದವರೆಗೂ ತೆಗೆಯಬೇಡಿ. ಬೆಳಕು ಕಾಣುವುದಿಲ್ಲವೆಂದು ಫೈಬರ್ ತುದಿಗೆ ಕಣ್ಣಿಡಲೂ ಬೇಡಿ. ಕಾಣದ ಲೇಸರ್ ಕೂಡ ಕಣ್ಣಿಗೆ ಅಪಾಯ.

ಟಿಂಡಲ್ ಪ್ರಯೋಗಾಲಯದಲ್ಲೇ ಕುಳಿತವರಲ್ಲ. ಆಲ್ಪ್ಸ್ ಪರ್ವತಕ್ಕೆ ಮತ್ತೆ ಮತ್ತೆ ಹೋಗಿ ಹಿಮನದಿಗಳ ಚಲನೆ ಅಳೆಯುತ್ತಿದ್ದರು. 1861ರಲ್ಲಿ ಇಬ್ಬರು ಮಾರ್ಗದರ್ಶಿಗಳೊಡನೆ 4,506 ಮೀಟರ್ ಎತ್ತರದ ವೈಸ್‌ಹಾರ್ನ್ ಶಿಖರವನ್ನು ಎಲ್ಲರಿಗಿಂತ ಮೊದಲು ಏರಿದರು. ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್; ಅದರ ಎರಡು ಪಟ್ಟಿಗೂ ಮಿಗಿಲು.

1872ರಲ್ಲಿ ಅಮೆರಿಕಕ್ಕೆ ಉಪನ್ಯಾಸ ಪ್ರವಾಸ ಹೋದರು. ಸಭಾಂಗಣಗಳು ತುಂಬಿದವು. ಖರ್ಚು ಕಳೆದು ಸುಮಾರು 13,000 ಡಾಲರ್ ಉಳಿಯಿತು. ಅದನ್ನು ಅವರು ಮನೆಗೆ ತರಲಿಲ್ಲ. ವಿಜ್ಞಾನ ಓದುವ ಅಲ್ಲಿನ ವಿದ್ಯಾರ್ಥಿಗಳಿಗೆಂದು ಅಲ್ಲೇ ಬಿಟ್ಟು ಬಂದರು. ಹಣವಿಲ್ಲದೆ ಓದು ತಡವಾದ ಮನುಷ್ಯ, ತಾನು ನೋಡದ ಹುಡುಗರ ಓದು ತಡವಾಗದಿರಲೆಂದು ಕೊಟ್ಟದ್ದು ಅದು.

ಅವರ ಸಾವು ದುಃಖದ್ದು. ಕೊನೆಯ ವರ್ಷಗಳಲ್ಲಿ ನಿದ್ದೆ ಬಾರದೆ ಔಷಧಿ ತೆಗೆದುಕೊಳ್ಳುತ್ತಿದ್ದರು. 1893ರ ಡಿಸೆಂಬರ್ 4ರಂದು ಪತ್ನಿ ಲೂಯಿಸಾ ಬೇರೆ ಔಷಧಿಯೆಂದು ತಿಳಿದು ನಿದ್ದೆಯ ಔಷಧಿಯನ್ನು ಹೆಚ್ಚು ಕೊಟ್ಟುಬಿಟ್ಟರು. ಲೂಯಿಸಾ 1940ರವರೆಗೆ ಬದುಕಿ, ಗಂಡನ ಜೀವನ ಚರಿತ್ರೆಗಾಗಿ ಕಾಗದಪತ್ರಗಳನ್ನು ಕೂಡಿಡುತ್ತಲೇ ಇದ್ದರು. ಆ ಪುಸ್ತಕ ಹೊರಬಂದದ್ದು 1945ರಲ್ಲಿ.

ಟಿಂಡಲ್ ಫೈಬರನ್ನು ಕಾಣಲಿಲ್ಲ. ಗಾಜಿನಲ್ಲಿರುವ ಕಲ್ಮಶ ತೆಗೆದರೆ ಬೆಳಕು ಬಹುದೂರ ಸಾಗಬಲ್ಲದೆಂದು ಚಾರ್ಲ್ಸ್ ಕಾವೊ ಮತ್ತು ಜಾರ್ಜ್ ಹಾಕ್‌ಹ್ಯಾಮ್ ಬರೆದದ್ದು 1966ರಲ್ಲಿ. ಅಂಥ ಗಾಜು ತಯಾರಾದದ್ದು 1970ರಲ್ಲಿ. ಆದರೂ ನಮ್ಮ ಮಾಡ್ಯೂಲ್ ಕೇಳುವ ಪ್ರಶ್ನೆಗಳೆಲ್ಲ ಅವರ ಮೇಜಿನ ಮೇಲೆ ಮೊದಲೇ ಇದ್ದವು: ಬೆಳಕು ಬಾಗುವುದು ಹೇಗೆ, ಕಾಣದ ಬೆಳಕನ್ನು ಅಳೆಯುವುದು ಹೇಗೆ, ಚದುರುವುದು ಏಕೆ, ದಾರಿ ಶುದ್ಧವಿದೆಯೇ. ಒಂದೊಂದನ್ನೇ ಬೇರ್ಪಡಿಸಿ ಕೇಳುವುದು ಅವರ ಕ್ರಮ. ಮೊದಲು ಬಣ್ಣ, ಆಮೇಲೆ ವೇಗ, ಆಮೇಲೆ ಧೂಳು ಎಂದು ನಾವು ಹೋದದ್ದೂ ಅದೇ ಕ್ರಮದಲ್ಲಿ. ಜೂನ್, ಜುಲೈ ಮಳೆ ಸಿಡಿಲುಗಳನ್ನು ದಾಟಿ ಆ ಎಳೆ ನಿಂತಿದೆ. ಅಕ್ಕ ಆ ಸೆಮಿಸ್ಟರಿನ ಪರೀಕ್ಷೆಗಳನ್ನು ಮನೆಯಿಂದಲೇ ಬರೆದಳು.

ನೀರಿನ ಧಾರೆಯ ಪ್ರಯೋಗವನ್ನು ನಮ್ಮ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಯಾರು ಬೇಕಾದರೂ ಮಾಡಬಹುದು. ಒಂದು ಪ್ಲಾಸ್ಟಿಕ್ ಬಾಟಲಿ, ಬದಿಯಲ್ಲೊಂದು ತೂತು, ಎದುರು ಬದಿಯಿಂದ ತೂತಿನತ್ತ ಹಿಡಿಯಲು ಲೇಸರ್ ಪಾಯಿಂಟರ್, ಕೆಳಗೊಂದು ಬಕೆಟ್. ದೀಪ ಆರಿಸಿ ನೋಡಿ. ಜೂನಿಯರ್‌ಗಳನ್ನೂ ಕರೆಯಿರಿ.