ದೇಶವೊಂದರ ಭರವಸೆ ಹೊತ್ತ ವಿಜ್ಞಾನಿ ಜೋನಾಸ್ ಸಾಲ್ಕ್

ಪೋಲಿಯೊ ಲಸಿಕೆ ಎಂದೊಡನೆ ನಮ್ಮ ನಾಡಿನ ತಂದೆ ತಾಯಂದಿರಿಗೆ ನೆನಪಾಗುವುದು ಮಗುವಿನ ಬಾಯಿಗೆ ಹಾಕುವ ಎರಡು ಹನಿ. ಆ ಹನಿಗಳು ಬಳಕೆಗೆ ಬರುವ ಮೊದಲೇ, 1955ರಲ್ಲಿ, ಚುಚ್ಚುಮದ್ದಿನ ರೂಪದ ಲಸಿಕೆಯೊಂದು ಅಮೆರಿಕವನ್ನು ಸಂಭ್ರಮದಲ್ಲಿ ಮುಳುಗಿಸಿತ್ತು. ರಾಷ್ಟ್ರವೊಂದು ಲಸಿಕೆಯ ಮೇಲೆ ಅಷ್ಟೊಂದು ಭರವಸೆ ಇಟ್ಟು, ಒಂದೇ ತಿಂಗಳಲ್ಲಿ ಅದನ್ನು ಕಳೆದುಕೊಳ್ಳುವ ಅಂಚಿಗೆ ಬಂದು, ಬಳಿಕ ಮರಳಿ ಪಡೆದ ನಿದರ್ಶನ ಅಪರೂಪ. ಆ ಭರವಸೆಯ ಭಾರವನ್ನು ಹೊತ್ತವರು ಡಾ. ಜೋನಾಸ್ ಸಾಲ್ಕ್.

ವಲಸಿಗರ ಮನೆಯ ಹಿರಿಯ ಮಗ

ಸಾಲ್ಕ್ ಜನಿಸಿದ್ದು 1914ರ ಅಕ್ಟೋಬರ್ 28ರಂದು, ನ್ಯೂಯಾರ್ಕ್ ನಗರದಲ್ಲಿ. ತಂದೆ ಡೇನಿಯಲ್ ಸಿದ್ಧ ಉಡುಪು ಉದ್ಯಮದಲ್ಲಿ ದುಡಿಯುತ್ತಿದ್ದರು. ತಾಯಿ ಡೋರಾ ಬಾಲ್ಯದಲ್ಲಿಯೇ ರಷ್ಯಾದಿಂದ ವಲಸೆ ಬಂದ ಯಹೂದಿ ಮಹಿಳೆ. ಹೆಚ್ಚು ಓದುವ ಅವಕಾಶ ದೊರೆಯದ ಈ ದಂಪತಿ ಮೂವರು ಗಂಡುಮಕ್ಕಳ ವಿದ್ಯಾಭ್ಯಾಸವನ್ನೇ ಬದುಕಿನ ಗುರಿಯಾಗಿಸಿಕೊಂಡಿದ್ದರು. ಸಾಲ್ಕ್‌ಗೆ ಎರಡು ವರ್ಷ ತುಂಬುವ ಮೊದಲೇ, 1916ರ ಬೇಸಿಗೆಯಲ್ಲಿ, ನ್ಯೂಯಾರ್ಕ್ ನಗರವೊಂದರಲ್ಲಿಯೇ ಪೋಲಿಯೊ ಎರಡು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ಬಹುಪಾಲು ಮಕ್ಕಳು.

ಮೊದಲು ವಕೀಲನಾಗಬೇಕೆಂಬ ಆಸೆ ಸಾಲ್ಕ್ ಅವರಿಗಿತ್ತು. ತಾಯಿ ಅದನ್ನು ಒಪ್ಪಲಿಲ್ಲ. ಶುಲ್ಕವಿಲ್ಲದೆ ಕಲಿಯಬಹುದಾಗಿದ್ದ ಸಿಟಿ ಕಾಲೇಜಿನಲ್ಲಿ ಪದವಿ ಪಡೆದ ಅವರು ನ್ಯೂಯಾರ್ಕ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜನ್ನು ಸೇರಿದರು. ಅಂದು ಅನೇಕ ವೈದ್ಯಕೀಯ ಕಾಲೇಜುಗಳು ಯಹೂದಿ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಹೇರಿದ್ದವು. ಈ ಕಾಲೇಜಿನಲ್ಲಿ ಅಂತಹ ಅಡ್ಡಿ ಇರಲಿಲ್ಲ. 1939ರಲ್ಲಿ ವೈದ್ಯ ಪದವಿ ಪಡೆದ ಮರುದಿನವೇ ಸಮಾಜ ಕಾರ್ಯಕರ್ತೆ ಡೊನ್ನಾ ಲಿಂಡ್ಸೆ ಅವರನ್ನು ವಿವಾಹವಾದರು.

ಕಾಲೇಜಿನ ದಿನಗಳಲ್ಲಿಯೇ ಒಂದು ಪ್ರಶ್ನೆ ಅವರನ್ನು ಹಿಡಿದುಕೊಂಡಿತ್ತು. ಧನುರ್ವಾಯು, ಗಂಟಲಮಾರಿಯಂತಹ ರೋಗಗಳಿಗೆ ಬ್ಯಾಕ್ಟೀರಿಯಾದ ವಿಷವನ್ನು ನಿಷ್ಕ್ರಿಯಗೊಳಿಸಿ ಲಸಿಕೆ ತಯಾರಿಸಬಹುದು, ಆದರೆ ವೈರಾಣು ರೋಗಗಳಿಗೆ ಜೀವಂತ ವೈರಾಣುವೇ ಬೇಕು ಎಂದು ಪ್ರಾಧ್ಯಾಪಕರು ಬೋಧಿಸುತ್ತಿದ್ದರು. ಎರಡು ನಿಯಮ ಏಕಿರಬೇಕು ಎಂಬುದು ವಿದ್ಯಾರ್ಥಿಯ ಸಂಶಯ. 1942ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಡಾ. ಥಾಮಸ್ ಫ್ರಾನ್ಸಿಸ್ ಅವರ ಬಳಿ ಸೇರಿ, ಸೇನೆಗಾಗಿ ಇನ್‌ಫ್ಲುಯೆಂಜಾ ಲಸಿಕೆ ತಯಾರಿಸುವ ಕಾರ್ಯದಲ್ಲಿ ತೊಡಗಿದಾಗ ಅವರಿಗೆ ಉತ್ತರ ದೊರೆಯಿತು. ಕೊಂದ ವೈರಾಣುವೂ ದೇಹಕ್ಕೆ ರಕ್ಷಣೆ ಕಲಿಸಬಲ್ಲದು ಎಂಬುದನ್ನು ಅವರು ಅಲ್ಲಿ ಕಣ್ಣಾರೆ ಕಂಡರು.

ಹತ್ತು ಸೆಂಟಿನ ನಾಣ್ಯಗಳ ಬಲ

1947ರಲ್ಲಿ ಸಾಲ್ಕ್ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ತೆರಳಿ, ಅಲ್ಲಿನ ಮುನಿಸಿಪಲ್ ಆಸ್ಪತ್ರೆಯಲ್ಲಿ ಪ್ರಯೋಗಾಲಯವೊಂದನ್ನು ಕಟ್ಟಿದರು. ಅದೇ ಆಸ್ಪತ್ರೆಯ ವಾರ್ಡುಗಳಲ್ಲಿ ಪೋಲಿಯೊ ಪೀಡಿತ ಮಕ್ಕಳು ಉಸಿರಾಟಕ್ಕಾಗಿ ಕಬ್ಬಿಣದ ಯಂತ್ರಗಳೊಳಗೆ ಮಲಗಿರುತ್ತಿದ್ದರು. ಬೇಸಿಗೆ ಬಂತೆಂದರೆ ಅಮೆರಿಕದ ಊರುಗಳಲ್ಲಿ ಈಜುಕೊಳ, ಚಿತ್ರಮಂದಿರಗಳ ಬಾಗಿಲು ಮುಚ್ಚುತ್ತಿದ್ದ ಕಾಲವದು. 1952ರಲ್ಲಂತೂ ಸುಮಾರು 58 ಸಾವಿರ ಜನರಿಗೆ ರೋಗ ತಗುಲಿ, ಮೂರು ಸಾವಿರಕ್ಕೂ ಹೆಚ್ಚು ಮಂದಿ ಸತ್ತರು. 21 ಸಾವಿರಕ್ಕೂ ಹೆಚ್ಚು ಜನ ಪಾರ್ಶ್ವವಾಯುವಿಗೆ ತುತ್ತಾದರು.

ಸಾಲ್ಕ್ ಅವರ ಸಂಶೋಧನೆಗೆ ಹಣ ಒದಗಿಸಿದ್ದು ಸರ್ಕಾರವಲ್ಲ, ಜನಸಾಮಾನ್ಯರು. ಸ್ವತಃ ಪೋಲಿಯೊ ಪೀಡಿತರಾಗಿದ್ದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ 1938ರಲ್ಲಿ ಸ್ಥಾಪಿಸಿದ ರಾಷ್ಟ್ರೀಯ ಪ್ರತಿಷ್ಠಾನವು ಮಾರ್ಚ್ ಆಫ್ ಡೈಮ್ಸ್ ಎಂಬ ಹೆಸರಿನಲ್ಲಿ ಮನೆಮನೆಯಿಂದ ಡೈಮ್, ಅಂದರೆ ಹತ್ತು ಸೆಂಟಿನ ನಾಣ್ಯ, ಸಂಗ್ರಹಿಸುತ್ತಿತ್ತು. ವಕೀಲ ಬೇಸಿಲ್ ಒ'ಕಾನರ್ ಅದರ ಚುಕ್ಕಾಣಿ ಹಿಡಿದಿದ್ದರು. ಕೋಟ್ಯಂತರ ಜನ ಕೈಲಾದಷ್ಟು ಕೊಟ್ಟಿದ್ದರಿಂದ ಲಸಿಕೆ ಸಿದ್ಧವಾಗುವ ಮೊದಲೇ ಅದು ತಮ್ಮದು ಎಂಬ ಭಾವನೆ ನಾಡಿನಲ್ಲಿ ಬೇರೂರಿತ್ತು. ಮುಂದಿನ ಸಂಭ್ರಮದ ಮೂಲವೂ, ಸಾಲ್ಕ್ ಅವರ ಮೇಲೆ ಬಿದ್ದ ಒತ್ತಡದ ಮೂಲವೂ ಇದೇ.

1949ರಲ್ಲಿ ಬಾಸ್ಟನ್‌ನ ಜಾನ್ ಎಂಡರ್ಸ್, ಥಾಮಸ್ ವೆಲ್ಲರ್ ಮತ್ತು ಫ್ರೆಡರಿಕ್ ರಾಬಿನ್ಸ್ ಪೋಲಿಯೊ ವೈರಾಣುವನ್ನು ನರಕೋಶಗಳಲ್ಲದ ಅಂಗಾಂಶಗಳಲ್ಲಿ ಬೆಳೆಸಿ ತೋರಿಸಿದರು. ಅದಕ್ಕಾಗಿ 1954ರ ನೊಬೆಲ್ ಅವರಿಗೆ ಸಂದಿತು. ಆ ದಾರಿಯಲ್ಲಿ ಸಾಗಿದ ಸಾಲ್ಕ್ ತಂಡ, ಮಂಗಗಳ ಮೂತ್ರಪಿಂಡದ ಕೋಶಗಳಲ್ಲಿ ಮೂರೂ ಬಗೆಯ ವೈರಾಣುಗಳನ್ನು ಬೆಳೆಸಿ, ಫಾರ್ಮಾಲ್ಡಿಹೈಡ್‌ನಿಂದ ಕೊಂದು ಲಸಿಕೆ ರೂಪಿಸಿತು. ಕೋಶಗಳನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸುವ ವಿಧಾನ ಕಂಡುಹಿಡಿದವರು ಸಹೋದ್ಯೋಗಿ ಜೂಲಿಯಸ್ ಯಂಗ್ನರ್.

1952ರಲ್ಲಿ ಪಿಟ್ಸ್‌ಬರ್ಗ್ ಸಮೀಪದ ಅಂಗವಿಕಲ ಮಕ್ಕಳ ವಸತಿಗೃಹದಲ್ಲಿಯೂ, ಬುದ್ಧಿಮಾಂದ್ಯರ ಸರ್ಕಾರಿ ಸಂಸ್ಥೆಯೊಂದರಲ್ಲಿಯೂ ಮೊದಲ ಪ್ರಯೋಗಗಳು ನಡೆದವು. ಅಸಹಾಯಕರ ಮೇಲೆ ಇಂತಹ ಪ್ರಯೋಗ ನಡೆಸುವುದನ್ನು ಇಂದಿನ ವೈದ್ಯಕೀಯ ನೀತಿ ಒಪ್ಪುವುದಿಲ್ಲ. ಮರುವರ್ಷ ಸಾಲ್ಕ್ ತಮಗೂ, ಪತ್ನಿಗೂ, ಮೂವರು ಗಂಡುಮಕ್ಕಳಿಗೂ ಲಸಿಕೆ ಚುಚ್ಚಿದರು.

ಹದಿನೆಂಟು ಲಕ್ಷ ಮಕ್ಕಳು

ಪ್ರಯೋಗಾಲಯದ ಯಶಸ್ಸನ್ನು ದೇಶದ ಮಟ್ಟದಲ್ಲಿ ಒರೆಗೆ ಹಚ್ಚುವ ಹೊಣೆಯನ್ನು ಗುರು ಥಾಮಸ್ ಫ್ರಾನ್ಸಿಸ್ ಅವರಿಗೆ ಒಪ್ಪಿಸಲಾಯಿತು. 1954ರ ಏಪ್ರಿಲ್ 26ರಂದು ವರ್ಜೀನಿಯಾದ ಮೆಕ್‌ಲೀನ್‌ನ ಪ್ರಾಥಮಿಕ ಶಾಲೆಯೊಂದರಲ್ಲಿ ಪ್ರಯೋಗ ಆರಂಭಗೊಂಡಿತು. ಸುಮಾರು 18 ಲಕ್ಷ ಮಕ್ಕಳು ಪಾಲ್ಗೊಂಡ ಈ ಪರೀಕ್ಷೆ ಅಂದಿನವರೆಗಿನ ವೈದ್ಯಕೀಯ ಪ್ರಯೋಗಗಳಲ್ಲಿಯೇ ಅತಿ ದೊಡ್ಡದು. ಕೆಲವರಿಗೆ ಲಸಿಕೆ, ಕೆಲವರಿಗೆ ಔಷಧಗುಣವಿಲ್ಲದ ದ್ರಾವಣ ನೀಡಲಾಯಿತು. ಉಳಿದವರಿಗೆ ಏನನ್ನೂ ಚುಚ್ಚದೆ ಅವರ ಆರೋಗ್ಯವನ್ನಷ್ಟೇ ಗಮನಿಸಲಾಯಿತು.

ಪ್ರಯೋಗ ಆರಂಭವಾಗುವ ಕೆಲವೇ ದಿನ ಮೊದಲು, ಜನಪ್ರಿಯ ರೇಡಿಯೊ ನಿರೂಪಕ ವಾಲ್ಟರ್ ವಿಂಚೆಲ್ ಈ ಲಸಿಕೆ ಮಕ್ಕಳ ಪ್ರಾಣಕ್ಕೇ ಎರವಾಗಬಹುದೆಂದು ಎಚ್ಚರಿಸಿದ್ದರು. ಹಲವು ಪಾಲಕರು ಹಿಂದೆ ಸರಿದರು. ಆದರೂ ಬಹುಸಂಖ್ಯಾತರು ಮಕ್ಕಳ ತೋಳನ್ನು ಮುಂದೊಡ್ಡಿದರು. ಪಾಲ್ಗೊಂಡ ಮಕ್ಕಳಿಗೆ ಪೋಲಿಯೊ ಪಯೊನೀರ್ ಎಂಬ ಬಿರುದು ದೊರೆಯಿತು. ಸ್ವಯಂಸೇವಕರು, ಶಿಕ್ಷಕರು, ದಾದಿಯರು ಹಗಲಿರುಳು ದುಡಿದರು.

ಗಂಟೆಗಳು ಮೊಳಗಿದ ದಿನ

1955ರ ಏಪ್ರಿಲ್ 12. ರೂಸ್‌ವೆಲ್ಟ್ ನಿಧನರಾಗಿ ಅಂದಿಗೆ ಸರಿಯಾಗಿ ಹತ್ತು ವರ್ಷ. ಆ್ಯನ್ ಆರ್ಬರ್‌ನ ಮಿಷಿಗನ್ ವಿಶ್ವವಿದ್ಯಾಲಯದ ಸಭಾಂಗಣದಲ್ಲಿ ಫ್ರಾನ್ಸಿಸ್ ಫಲಿತಾಂಶ ಪ್ರಕಟಿಸಿದರು. ಲಸಿಕೆ ಸುರಕ್ಷಿತ, ಮತ್ತು ಪಾರ್ಶ್ವವಾಯು ತರುವ ಪೋಲಿಯೊವನ್ನು ತಡೆಯುವಲ್ಲಿ ಶೇ 80ರಿಂದ 90ರಷ್ಟು ಪರಿಣಾಮಕಾರಿ ಎಂಬುದು ಅದರ ಸಾರ. ಚರ್ಚ್ ಗಂಟೆಗಳು ಮೊಳಗಿದವು, ಕಾರ್ಖಾನೆಗಳ ಸೈರನ್ ಕೂಗಿದವು, ತಾಯಂದಿರು ಬೀದಿಯಲ್ಲಿಯೇ ಕಣ್ಣೀರಿಟ್ಟರು. ಅದೇ ಸಂಜೆ ಸರ್ಕಾರ ಲಸಿಕೆಗೆ ಪರವಾನಗಿ ನೀಡಿತು. ಫಲಿತಾಂಶಕ್ಕೆ ಕಾಯದೆ ಒ'ಕಾನರ್ ಮೊದಲೇ ಕಂಪೆನಿಗಳಿಗೆ ಬೇಡಿಕೆ ಸಲ್ಲಿಸಿದ್ದರಿಂದ ಔಷಧವೂ ಸಿದ್ಧವಾಗಿತ್ತು.

ಲಸಿಕೆಗೆ ಸಾಲ್ಕ್ ಪೇಟೆಂಟ್ ಪಡೆಯಲಿಲ್ಲ. ಅದು ಜನರ ಸೊತ್ತು ಎಂಬುದು ಅವರು ಅಂದು ಟೆಲಿವಿಷನ್ ಸಂದರ್ಶನದಲ್ಲಿ ತಿಳಿಸಿದ ನಿಲುವು. ಪ್ರತಿಷ್ಠಾನದ ವಕೀಲರು ಪೇಟೆಂಟ್ ಸಾಧ್ಯತೆಯನ್ನು ಮೊದಲೇ ಪರಿಶೀಲಿಸಿ, ಅದು ದೊರೆಯಲಾರದೆಂಬ ತೀರ್ಮಾನಕ್ಕೆ ಬಂದಿದ್ದುದೂ ನಿಜ. ಆದರೂ ಜನ ಸಾಲ್ಕ್ ಅವರಲ್ಲಿ ನಿಸ್ವಾರ್ಥದ ಮೂರ್ತಿಯನ್ನು ಕಂಡರು. ಹತ್ತು ದಿನಗಳ ನಂತರ ಅಧ್ಯಕ್ಷ ಐಸೆನ್‌ಹೋವರ್ ಶ್ವೇತಭವನದಲ್ಲಿ ಅವರನ್ನು ಗೌರವಿಸಿದರು.

ಆ ದಿನದ ಸಂತೋಷದಲ್ಲಿ ಒಂದು ಕಹಿಯೂ ಬೆರೆತಿತ್ತು. ಆ್ಯನ್ ಆರ್ಬರ್ ಭಾಷಣದಲ್ಲಿ ಸಾಲ್ಕ್ ಅನೇಕರನ್ನು ನೆನೆದರೂ, ಪಿಟ್ಸ್‌ಬರ್ಗ್ ಪ್ರಯೋಗಾಲಯದಲ್ಲಿ ತಮ್ಮೊಂದಿಗೆ ದುಡಿದವರ ಹೆಸರು ಹೇಳಲಿಲ್ಲ. ಆ ನೋವು ಯಂಗ್ನರ್ ಮನಸ್ಸಿನಿಂದ ದಶಕಗಳ ಕಾಲ ಮಾಸಲಿಲ್ಲ.

ಎರಡು ವಾರದಲ್ಲಿ ಬಂದ ಆಘಾತ

ಏಪ್ರಿಲ್ ಕೊನೆಯ ವಾರ ಕ್ಯಾಲಿಫೋರ್ನಿಯಾ ಮತ್ತು ಐಡಹೊ ರಾಜ್ಯಗಳಿಂದ ಕೆಟ್ಟ ಸುದ್ದಿ ಬಂತು. ಲಸಿಕೆ ಪಡೆದ ಮಕ್ಕಳಿಗೇ ಪೋಲಿಯೊ ತಗುಲಿತ್ತು, ಅದೂ ಚುಚ್ಚಿಸಿಕೊಂಡ ತೋಳಿನಲ್ಲಿಯೇ ಪಾರ್ಶ್ವವಾಯು ಕಾಣಿಸಿಕೊಂಡಿತ್ತು. ಎಲ್ಲ ಬೆರಳುಗಳೂ ಕ್ಯಾಲಿಫೋರ್ನಿಯಾದ ಕಟರ್ ಪ್ರಯೋಗಾಲಯದ ಲಸಿಕೆಯತ್ತ ತಿರುಗಿದವು. ಏಪ್ರಿಲ್ 27ರಂದು ಆ ಲಸಿಕೆಯನ್ನು ಮಾರುಕಟ್ಟೆಯಿಂದ ಹಿಂಪಡೆಯಲಾಯಿತು. ಮೇ ಮೊದಲ ವಾರದ ಕೊನೆಯಲ್ಲಿ ಸರ್ಜನ್ ಜನರಲ್ ಲಿಯೊನಾರ್ಡ್ ಶೀಲ್ ಇಡೀ ದೇಶದ ಲಸಿಕೆ ಕಾರ್ಯಕ್ರಮವನ್ನೇ ತಾತ್ಕಾಲಿಕವಾಗಿ ನಿಲ್ಲಿಸಿದರು. ಕಟರ್ ಲಸಿಕೆಯಿಂದ ಹರಡಿದ ಸೋಂಕಿನಲ್ಲಿ ಸುಮಾರು 200 ಮಂದಿ ಪಾರ್ಶ್ವವಾಯುವಿಗೆ ತುತ್ತಾದರು, 10 ಮಂದಿ ಸತ್ತರು. ಲಸಿಕೆ ಪಡೆದ ಮಕ್ಕಳ ಮನೆಯವರಿಗೂ ಸೋಂಕು ತಗುಲಿತ್ತು.

ದೋಷ ಎಲ್ಲಿತ್ತು? ಕೋಶಗಳ ಚೂರುಗಳು ದ್ರಾವಣದಲ್ಲಿ ಗಂಟುಕಟ್ಟಿದಾಗ ಅವುಗಳೊಳಗೆ ಅಡಗಿದ ವೈರಾಣುವಿಗೆ ಫಾರ್ಮಾಲ್ಡಿಹೈಡ್ ತಾಗುತ್ತಿರಲಿಲ್ಲ. ಅಂದಿನ ಪರೀಕ್ಷೆಗಳು ಅಲ್ಪ ಪ್ರಮಾಣದ ಜೀವಂತ ವೈರಾಣುವನ್ನು ಪತ್ತೆ ಹಚ್ಚುವಷ್ಟು ಸೂಕ್ಷ್ಮವಾಗಿರಲಿಲ್ಲ. 1954ರ ಪ್ರಯೋಗದ ಕಾಲದಲ್ಲಿ ಪ್ರತಿ ತಂಡದ ಲಸಿಕೆಯೂ ಹಲವು ಪ್ರಯೋಗಾಲಯಗಳ ಪರೀಕ್ಷೆ ದಾಟಬೇಕಿತ್ತು. ಪರವಾನಗಿ ದೊರೆತ ಮೇಲೆ ಆ ಬಿಗಿ ಸಡಿಲಗೊಂಡಿತ್ತು. ಕೆಟ್ಟುಹೋದ ತಂಡಗಳ ಬಗ್ಗೆ ಕಂಪೆನಿಗಳು ಸರ್ಕಾರಕ್ಕೆ ವರದಿ ಮಾಡಬೇಕೆಂಬ ನಿಯಮವೂ ಇರಲಿಲ್ಲ. ಜನರ ಆತುರ, ಪ್ರತಿಷ್ಠಾನದ ಉತ್ಸಾಹ, ಸರ್ಕಾರದ ಅಸಿದ್ಧತೆ ಮೂರೂ ಸೇರಿ ಅನಾಹುತಕ್ಕೆ ದಾರಿಯಾಗಿದ್ದವು. ಲಸಿಕೆಗೆ ತಮ್ಮ ಹೆಸರೇ ಅಂಟಿಕೊಂಡಿದ್ದ ಸಾಲ್ಕ್ ಈ ಆಘಾತದಿಂದ ತೀವ್ರವಾಗಿ ಕುಗ್ಗಿದರು.

ಭರವಸೆ ಮರಳಿದ ಬಗೆ

ಅದೇ ಮೇ ತಿಂಗಳಲ್ಲಿ ನೆರೆಯ ಕೆನಡಾ ಬೇರೆ ನಿರ್ಧಾರ ಕೈಗೊಂಡಿತು. ಅಲ್ಲಿ ಲಸಿಕೆ ತಯಾರಾಗುತ್ತಿದ್ದುದು ಟೊರಾಂಟೊದ ಕನಾಟ್ ಪ್ರಯೋಗಾಲಯದಲ್ಲಿ, ಸರ್ಕಾರದ ಎರಡನೇ ಸುತ್ತಿನ ಪರೀಕ್ಷೆಗೆ ಒಳಪಟ್ಟು. ಬಾಲ್ಯದಲ್ಲಿ ಸ್ವತಃ ಪೋಲಿಯೊ ಅನುಭವಿಸಿದ್ದ, ಮಗನಿಗೂ ಅದು ತಗುಲಿದ್ದನ್ನು ಕಂಡಿದ್ದ ಆರೋಗ್ಯ ಸಚಿವ ಪಾಲ್ ಮಾರ್ಟಿನ್ ತಮ್ಮ ದೇಶದ ಕಾರ್ಯಕ್ರಮವನ್ನು ನಿಲ್ಲಿಸಲಿಲ್ಲ. ಅಲ್ಲಿ ಯಾವ ಅನಾಹುತವೂ ಸಂಭವಿಸಲಿಲ್ಲ. ದೋಷ ಲಸಿಕೆಯ ತತ್ವದಲ್ಲಿರಲಿಲ್ಲ, ತಯಾರಿಕೆ ಮತ್ತು ತಪಾಸಣೆಯಲ್ಲಿತ್ತು ಎಂಬುದಕ್ಕೆ ಕೆನಡಾ ಸಾಕ್ಷಿಯಾಯಿತು.

ಅಮೆರಿಕದಲ್ಲಿಯೂ ಶೋಧನೆ ಮತ್ತು ಪರೀಕ್ಷೆಯ ನಿಯಮಗಳನ್ನು ಬಿಗಿಗೊಳಿಸಿ, ಲಸಿಕೆ ಹಂತ ಹಂತವಾಗಿ ಮತ್ತೆ ಆರಂಭಗೊಂಡಿತು. ಏನು ನಡೆಯಿತೆಂಬುದನ್ನು ಮುಚ್ಚಿಡದೆ ತನಿಖೆ ನಡೆಸಿದ್ದು ಜನರ ನಂಬಿಕೆ ಉಳಿಯಲು ನೆರವಾಯಿತು. 1955ರಲ್ಲಿ ಸುಮಾರು 29 ಸಾವಿರವಿದ್ದ ಪೋಲಿಯೊ ಪ್ರಕರಣಗಳು 1957ರ ವೇಳೆಗೆ ಆರು ಸಾವಿರದೊಳಗೆ ಇಳಿದವು.

ಇಳಿಮುಖದ ಅಂಕಿಗಳೇ ಮತ್ತೊಂದು ತೊಡಕು ತಂದವು. ರೋಗ ಹೋಯಿತೆಂಬ ನಿಶ್ಚಿಂತೆ ಹರಡಿತು. ಪೋಲಿಯೊ ಚಿಕ್ಕ ಮಕ್ಕಳ ರೋಗವೆಂದು ಭಾವಿಸಿದ ಹದಿಹರೆಯದವರು ಲಸಿಕೆಗೆ ಬರಲಿಲ್ಲ. ಅವರನ್ನು ಸೆಳೆಯಲೆಂದು 1956ರ ಅಕ್ಟೋಬರ್ 28ರಂದು ಗಾಯಕ ಎಲ್ವಿಸ್ ಪ್ರೀಸ್ಲಿ ಪತ್ರಕರ್ತರ ಎದುರು ಚುಚ್ಚುಮದ್ದು ಪಡೆದರು. ಅಂದು ಸಾಲ್ಕ್ ಅವರ 42ನೇ ಹುಟ್ಟುಹಬ್ಬ ಎಂಬುದು ಕಾಕತಾಳೀಯ. 1959ರಲ್ಲಿ ಪ್ರಕರಣಗಳು ಮತ್ತೆ ಎಂಟು ಸಾವಿರ ದಾಟಿದಾಗ, ಲಸಿಕೆ ತಲುಪದಿದ್ದ ನಗರಗಳ ಬಡ ಬಡಾವಣೆಗಳೇ ಹೆಚ್ಚು ನರಳಿದವು. ಸಂಭ್ರಮ ತಲುಪಿದಲ್ಲೆಲ್ಲ ಸಿರಿಂಜು ತಲುಪಿರಲಿಲ್ಲ. ಪ್ರಯತ್ನ ಮುಂದುವರಿದು 1962ರ ವೇಳೆಗೆ ಪ್ರಕರಣಗಳು ಸಾವಿರಕ್ಕಿಂತ ಕೆಳಗಿಳಿದವು.

ಕಡಲ ತೀರದ ಕೊನೆಯ ದಿನಗಳು

ಆ ವೇಳೆಗೆ ಆಲ್ಬರ್ಟ್ ಸೇಬಿನ್ ರೂಪಿಸಿದ, ಬಾಯಿಗೆ ಹಾಕುವ ಜೀವಂತ ವೈರಾಣುವಿನ ಲಸಿಕೆ ಬಂದಿತ್ತು. ಅಗ್ಗವೂ ಸುಲಭವೂ ಆಗಿದ್ದ ಅದು ಸಾಲ್ಕ್ ಲಸಿಕೆಯನ್ನು ಬಹುತೇಕ ಹಿಂದೆ ಸರಿಸಿತು. ಇಬ್ಬರ ನಡುವಿನ ವೈಷಮ್ಯ ಕೊನೆಯವರೆಗೂ ತಣಿಯಲಿಲ್ಲ. ಜನ ಆರಾಧಿಸಿದ ಸಾಲ್ಕ್ ಅವರನ್ನು ವಿಜ್ಞಾನಿಗಳ ವಲಯ ದೂರವಿಟ್ಟಿತು. ಅವರಿಗೆ ನೊಬೆಲ್ ದೊರೆಯಲಿಲ್ಲ, ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸದಸ್ಯತ್ವವೂ ದೊರೆಯಲಿಲ್ಲ. ಭಾರತ 1975ರ ಸಾಲಿನ ಜವಾಹರಲಾಲ್ ನೆಹರೂ ಅಂತರರಾಷ್ಟ್ರೀಯ ಸೌಹಾರ್ದ ಪ್ರಶಸ್ತಿಗೆ ಅವರನ್ನು ಆರಿಸಿತು.

ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ, ಕಡಲಿಗೆ ಎದುರಾಗಿ, ಅವರು ಜೀವವಿಜ್ಞಾನ ಸಂಶೋಧನಾ ಸಂಸ್ಥೆಯೊಂದನ್ನು ಕಟ್ಟಿದರು. ಅದರ ಕಟ್ಟಡ ವಿನ್ಯಾಸಗೊಳಿಸಿದವರು ಅಹಮದಾಬಾದಿನ ಐಐಎಂ ಆವರಣವನ್ನು ರೂಪಿಸಿದ ಲೂಯಿ ಕಾನ್. ಮೊದಲ ವಿವಾಹ ಮುರಿದ ಬಳಿಕ 1970ರಲ್ಲಿ ಕಲಾವಿದೆ ಫ್ರಾಂಸ್ವಾಜ್ ಜಿಲೊ ಅವರನ್ನು ವರಿಸಿದರು. ಕೊನೆಯ ವರ್ಷಗಳಲ್ಲಿ ಏಡ್ಸ್ ಲಸಿಕೆಗಾಗಿ ಶ್ರಮಿಸಿದರೂ ಅದು ಕೈಗೂಡಲಿಲ್ಲ. 1995ರ ಜೂನ್ 23ರಂದು, 80ನೇ ವಯಸ್ಸಿನಲ್ಲಿ, ಸಾಲ್ಕ್ ಕೊನೆಯುಸಿರೆಳೆದರು.

ಕಾಲ ಅವರ ಪರವಾಗಿ ಮತ್ತೊಮ್ಮೆ ತೀರ್ಪಿತ್ತಿತು. ಹನಿ ಲಸಿಕೆಯ ಜೀವಂತ ವೈರಾಣುವೇ ಅತಿ ವಿರಳವಾಗಿ ರೋಗ ತರಬಲ್ಲದೆಂಬ ಕಾರಣಕ್ಕೆ ಅಮೆರಿಕ 2000ದಲ್ಲಿ ಸಂಪೂರ್ಣವಾಗಿ ಚುಚ್ಚುಮದ್ದಿಗೆ ಮರಳಿತು. ಹನಿ ಲಸಿಕೆಯ ಬೃಹತ್ ಅಭಿಯಾನದಿಂದ ಪೋಲಿಯೊ ಗೆದ್ದ ಭಾರತದಲ್ಲಿ ಕೊನೆಯ ಪ್ರಕರಣ ದಾಖಲಾದದ್ದು 2011ರ ಜನವರಿಯಲ್ಲಿ, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯಲ್ಲಿ. 2014ರ ಮಾರ್ಚ್ 27ರಂದು ದೇಶ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ಪಡೆಯಿತು. ಮರುವರ್ಷದ ನವೆಂಬರ್‌ನಿಂದ ನಮ್ಮ ಸಾರ್ವತ್ರಿಕ ಲಸಿಕೆ ಕಾರ್ಯಕ್ರಮದಲ್ಲಿಯೂ ಕೊಂದ ವೈರಾಣುವಿನ ಚುಚ್ಚುಮದ್ದು ಸೇರಿತು.

ಜನರ ಭರವಸೆಯಿಲ್ಲದೆ ಸಾಲ್ಕ್ ಲಸಿಕೆ ಹುಟ್ಟುತ್ತಿರಲಿಲ್ಲ, ಹದಿನೆಂಟು ಲಕ್ಷ ಮಕ್ಕಳು ಶಾಲೆಯ ಅಂಗಳದಲ್ಲಿ ಸಾಲಾಗಿ ನಿಲ್ಲುತ್ತಿರಲಿಲ್ಲ. ಅದೇ ಭರವಸೆ ಪರೀಕ್ಷೆಯ ಬಿಗಿಯನ್ನು ಮರೆಸಿದಾಗ ಮಕ್ಕಳು ಬಲಿಯಾದರು, ನಿಶ್ಚಿಂತೆಯಾಗಿ ಮಾರ್ಪಟ್ಟಾಗ ರೋಗ ಮರಳಿತು. ಲಸಿಕೆ ಹಂಚುವ ಯಾವುದೇ ಸರ್ಕಾರ ಸಾಲ್ಕ್ ಅವರ ಬದುಕಿನಿಂದ ಕಲಿಯಬೇಕಾದ ಪಾಠ ಇದೇ.